ಪತಿಯ ಪ್ರೋತ್ಸಾಹದಿಂದ

ಜಂಬುಲಿಂಗಪ್ಪ ತಿಂಡಿ ತಿನ್ನುವಾಗ ಅವನನ್ನು ಯಾರೂ ಏನೂ ಕೇಳಬಾರದು ಎಂಬುದು ಆ ಮನೆಯ ಪದ್ಧತಿ. ತಿಂದೆದ್ದ ಮೇಲೆ ಕೇಳೋಣವೆಂದರೆ ಅವನು ಮನೆಯಲ್ಲಿ ಇರುತ್ತಿರಲಿಲ್ಲ. ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿದ್ದ ತನ್ನ ಎಣ್ಣೆ ಮಿಲ್ಲಿಗೆ ಹೋದರೆ ಮತ್ತೆ ಮಧ್ಯಾಹ್ನದ ಊಟಕ್ಕೇ ಬರುವುದು. ಊಟದ ಹೊತ್ತಿಗೂ ಅದೇ ಪದ್ಧತಿ. ಹಾಗಾಗಿ ಸೊಸೆ ಶಿವರಂಜನಿ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಮಂಡಕ್ಕಿ ಒಗ್ಗರಣೆಯ ತಟ್ಟೆಯನ್ನು ಮಾವನ ಮುಂದಿಟ್ಟು ಅಲ್ಲೇ ನಿಂತುಕೊಂಡಳು.

"ಮಾವ, ಅಕ್ಟೋಬರ್ ಒಂಬತ್ತಕ್ಕೆ ಬೆಂಗಳೂರಿಗೆ ಹೋಗಿಬರ್ಲಾ?"

"ಏನೈತೆ ಅವತ್ತು?"

"ಹಂಗುಲ್ ದಿನ. ಕೊರಿಯಾದವರು ತಮ್ಮ ಅಕ್ಷರ ಹುಟ್ಟಿದ ದಿನ ಅಂತ ಮಾಡ್ತಾರೆ. ಅಲ್ಲಿ ದೇಶಕ್ಕೆಲ್ಲ ರಜಾ. ಬೆಂಗಳೂರಾಗೆ ಕೊರಿಯನ್ ಕಲಿಸೋರು ಒಂದು ಭಾಷಣ ಸ್ಪರ್ಧೆ ಇಟ್ಟಿದಾರೆ, ನನ್ನನ್ನ ಆರಿಸಿದಾರೆ."

ಜಂಬುಲಿಂಗಪ್ಪ ಬಾಯಿಗೆ ಹಾಕಿಕೊಳ್ಳಬೇಕಿದ್ದ ಮೆಣಸಿನಕಾಯಿ ಬಜ್ಜಿಯನ್ನು ತಟ್ಟೆಯಲ್ಲಿಟ್ಟು ಮಗನ ಕಡೆ ತಿರುಗಿದ.

"ಕೇಳಿದೇನಲೇ ಅಮರೇಶ? ಅಕ್ಷರಕ್ಕೆ ರಜಾ ಅಂತೆ! ನಾಳೆ ಒಂದು ಎರಡಕ್ಕೂ ರಜಾ ಕೊಡ್ತಾರೆ. ಮಗ್ಗಿಗೊಂದು ಹಬ್ಬ, ಭಾಗಾಕಾರಕ್ಕೊಂದು ಜಾತ್ರೆ."

"ಹ್ಞೂಂ ಅಪ್ಪಾಜಿ," ಎಂದ ಅಮರೇಶ, ಮೊಬೈಲಿನಿಂದ ಕಣ್ಣೆತ್ತದೆ. ಅವನು ಅಪ್ಪನಿಗೂ ಹ್ಞೂಂ ಅನ್ನುತ್ತಿದ್ದ, ಅವ್ವನಿಗೂ ಹ್ಞೂಂ ಅನ್ನುತ್ತಿದ್ದ, ಹಿಂದಿನ ದಿನ ಇದೇ ಮಾತು ಕೇಳಿದ ಹೆಂಡತಿಗೂ ಹ್ಞೂಂ ಅಂದಿದ್ದ.

"ಅವರ ಅಕ್ಷರ ನೋಡಿದೀನಿ ಬಿಡು. ಮಾಳಿಗೆ ಮೇಲೆ ಸಂಡಿಗೆ ಒಣಗಾಕಿದಂಗೆ ಐತೆ. ಹಂಗುಲ್ಲೂ ಬೇಡ ಹಿಂಗುಲ್ಲೂ ಬೇಡ. ಅವತ್ತು ನಮ್ಮ ಬಳಗದವರನ್ನ ಊಟಕ್ಕೆ ಕರೆದಿದೀನಿ. ಹೋಳಿಗೆ ಮಾಡಾಕೆ ನಿಮ್ಮತ್ತೆ ಜೊತೆಗೆ ಯಾರಾದ್ರೂ ಬೇಕಲ್ಲ."

ಹಿಂದಿನ ಕ್ಷಣದವರೆಗೆ ಆ ಊಟದ ಸುದ್ದಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಬಹುಶಃ ಅವನಿಗೂ.

ಬಳಗ ಎಂದರೆ ಕನ್ನಡ ಬಳಗ. ಜಂಬುಲಿಂಗಪ್ಪ ಅದರ ಅಧ್ಯಕ್ಷ. ಅವನ ಮಿಲ್ಲಿನ ಬೋರ್ಡು ಇಂಗ್ಲಿಷಿನಲ್ಲಿತ್ತು, ಬಿಲ್ಲು ಇಂಗ್ಲಿಷಿನಲ್ಲಿತ್ತು, ಮಗನನ್ನು ಓದಿಸಿದ್ದು ಇಂಗ್ಲಿಷಿನಲ್ಲಿ. ಕನ್ನಡ ಅವನಿಗೆ ನವೆಂಬರಿನಲ್ಲಿ ಬರುತ್ತಿತ್ತು, ಇಸ್ತ್ರಿ ಮಾಡಿದ ಬಿಳಿ ಪಂಚೆ, ಕೆಂಪು ಹಳದಿ ಶಲ್ಯದ ಜೊತೆಗೆ. ಆಗ ಓದುವ ಭಾಷಣವನ್ನು ಮದುವೆಯಾಗಿ ಬಂದಾಗಿನಿಂದ ಬರೆದುಕೊಡುತ್ತಿದ್ದವಳು ಇದೇ ಸೊಸೆ.

ಶಿವರಂಜನಿ ಮೊಳಕಾಲ್ಮೂರಿನವಳು. ತಂದೆ ಇಲ್ಲ. ತಾಯಿ ಬಸವಲಿಂಗಮ್ಮ ರೇಷ್ಮೆ ಸೀರೆಯ ವ್ಯಾಪಾರ ಮಾಡಿಕೊಂಡು ಮಗಳನ್ನು ಓದಿಸಿದ್ದಳು. ಕಾಲೇಜಿನಲ್ಲಿದ್ದಾಗ ಕೊರಿಯನ್ ಧಾರಾವಾಹಿ ನೋಡಿ ನೋಡಿ ಭಾಷೆಯ ಹುಚ್ಚು ಹಿಡಿದು, ಫೋನಿನಲ್ಲೇ ಕಲಿತು, ಪರೀಕ್ಷೆಗಳನ್ನೂ ಪಾಸು ಮಾಡಿ, ಈಗ ಉಗ್ರಾಣದಲ್ಲಿ ಶೇಂಗಾ ಚೀಲಗಳ ನಡುವೆ ಕೂತು ಆನ್‌ಲೈನಿನಲ್ಲಿ ಕೆಲವು ಹುಡುಗಿಯರಿಗೆ ಪಾಠ ಹೇಳುತ್ತಿದ್ದಳು. ಉಗ್ರಾಣವೇ ಯಾಕೆಂದರೆ ನಡುಮನೆಯಲ್ಲಿ ಕೂತರೆ ಮಾವನಿಗೆ ಟೀವಿ ಕೇಳಿಸುವುದಿಲ್ಲ.

ಅತ್ತೆ ಕೊಟ್ರಮ್ಮನಿಗೂ ಇದೆಲ್ಲ ಹಿಡಿಸುತ್ತಿರಲಿಲ್ಲ.

"ರೊಟ್ಟಿ ಬಡಿದ್ರೆ ಆಂಧ್ರದ ನಕ್ಷೆ ಆಗ್ತೈತೆ. ಇವಳು ಕೊರಿಯಾ ಬರೀತಾಳಂತೆ," ಅನ್ನುತ್ತಿದ್ದಳು ಪಕ್ಕದ ಮನೆಯವರ ಮುಂದೆ, ಸೊಸೆಗೆ ಕೇಳಿಸುವ ಹಾಗೆ.

ಬೆಂಗಳೂರಿಗೆ ಹೋಗುವುದು ತಪ್ಪಿದ ಸಿಟ್ಟಿನಲ್ಲಿ ಶಿವರಂಜನಿ ಅಡುಗೆಮನೆಯ ಡಬ್ಬಿಗಳಿಗೆಲ್ಲ ಕಾಗದ ಅಂಟಿಸಿ ಕೊರಿಯನ್ ಅಕ್ಷರದಲ್ಲಿ ಹೆಸರು ಬರೆದಳು. ಅಭ್ಯಾಸ ಬಿಡಬಾರದು ಅಂತ ನೆಪ. ಮಾರನೆಯ ದಿನ ಕೊಟ್ರಮ್ಮ ಸಾರಿಗೆ ಉಪ್ಪು ಹಾಕಲು ಹೋಗಿ ನಿಂತುಬಿಟ್ಟಳು.

"ಏನೇ ಇದು, ಮಾಟ ಮಾಡಿಸ್ದಂಗೆ? ಕಿತ್ತಾಕು. ಯಾವುದ್ರಾಗೆ ಏನೈತೆ ಅಂತ ಗೊತ್ತಾಗಬೇಕೋ ಬೇಡವೋ?"

"ಕನ್ನಡದಾಗೆ ಬರೆದಿದ್ರೆ ಓದ್ತಿದ್ರಾ ಅತ್ತೆ?"

ಬಾಯಿಂದ ಬಿದ್ದ ಮೇಲೆ ಶಿವರಂಜನಿಗೇ ಮೈ ಬಿಸಿಯಾಯಿತು. ಕೊಟ್ರಮ್ಮ ಕೈಯಲ್ಲಿದ್ದ ಸೌಟನ್ನು ಕಟ್ಟೆಗೆ ಕುಕ್ಕಿ ಹೊರಗೆ ಹೋದಳು. ಆಮೇಲೆ ಎಷ್ಟೋ ದಿನ ಅವರಿಬ್ಬರ ನಡುವೆ ಪಾತ್ರೆಗಳೇ ಸದ್ದು ಮಾಡಿದವು.

ಕೊಟ್ರಮ್ಮನಿಗೆ ಓದು ಬರುತ್ತಿರಲಿಲ್ಲ. ದೊಡ್ಡಉಳ್ಳಾರ್ತಿಯಲ್ಲಿ ಅವಳ ಅಪ್ಪನಿಗೆ ಬೇಕಾದಷ್ಟು ಹೊಲ ಇತ್ತು, ಮನೆಯ ತುಂಬ ಮಕ್ಕಳಿದ್ದರು. ಚಿಕ್ಕವರನ್ನು ಆಡಿಸುವುದಕ್ಕೆ ದೊಡ್ಡವಳು ಬೇಕು ಅಂತ ಒಂದನೇ ಕ್ಲಾಸಿನಿಂದಲೇ ಬಿಡಿಸಿದರು. ಮದುವೆಯಾದ ಮೇಲೆ, ಅಮರೇಶ ಸ್ಲೇಟು ಹಿಡಿದ ಕಾಲಕ್ಕೆ, ಅವನು ನಿದ್ದೆ ಮಾಡುವಾಗ ಅವನ ಬಳಪ ತಗೊಂಡು ಅವಳೂ ತಿದ್ದತೊಡಗಿದ್ದಳು. ಒಂದು ದಿನ ಜಂಬುಲಿಂಗಪ್ಪ ನೋಡಿಬಿಟ್ಟ. ಬೈಯಲಿಲ್ಲ. ಆ ಸ್ಲೇಟನ್ನು ಮಿಲ್ಲಿಗೆ ಒಯ್ದು ಗುಮಾಸ್ತರಿಗೆಲ್ಲ ತೋರಿಸಿದ. "ನೋಡ್ರಪ್ಪ, ನಮ್ಮನೆಯವಳ ಅ. ಎಮ್ಮೆ ಮಲಗಿದಂಗೆ ಐತೆ!" ಗುಮಾಸ್ತರು ನಕ್ಕರು, ಸಂಬಳ ಕೊಡುವವನು ನಗಿಸಿದಾಗ ನಗುವ ಹಾಗೆ. ಅವರಲ್ಲೊಬ್ಬ ಮನೆಗೆ ಬಂದಾಗ ಅಡುಗೆಮನೆಯ ಕಡೆ ನೋಡಿ ನಗು ತಡೆಯಲು ಬಾಯಿ ಮುಚ್ಚಿಕೊಂಡ. ಕೊಟ್ರಮ್ಮ ಅಂದಿನಿಂದ ಬಳಪ ಮುಟ್ಟಲಿಲ್ಲ. ಹೆಬ್ಬೆಟ್ಟು ಒತ್ತು ಅಂದ ಕಡೆ ಒತ್ತಿದಳು.

ಅಕ್ಟೋಬರ್ ಒಂಬತ್ತರಂದು ಬಳಗದವರು ಊಟಕ್ಕೆ ಬಂದರು. ಬಟ್ಟೆ ಅಂಗಡಿಯ ದಾಸಣ್ಣ, ರಿಟೈರಾದ ಹೆಡ್‌ಮಾಸ್ತರ ಹನುಮಂತರಾಯ, ಬಳಗದ ಕಾರ್ಯದರ್ಶಿ ಬಾಲರಾಜ್. ಬಾಲರಾಜ್ ಒಂದು ಪತ್ರಿಕೆಗೆ ಊರ ಸುದ್ದಿ ಬರೆಯುತ್ತಿದ್ದ. ಅತ್ತೆ ಸೊಸೆ ಬೆಳಗಿನಿಂದ ಬೇಳೆ ಬೇಯಿಸಿ ರುಬ್ಬಿ, ಹೋಳಿಗೆ ತಟ್ಟಿ, ಕಟ್ಟಿನ ಸಾರು ಕುದಿಸಿ, ಒಬ್ಬರ ಮುಖ ಒಬ್ಬರು ನೋಡದೆ ಬಡಿಸಿದರು. ಬೆಂಗಳೂರಿನ ಸ್ಪರ್ಧೆ ಶುರುವಾಗುವ ಹೊತ್ತಿಗೆ ಶಿವರಂಜನಿ ದಾಸಣ್ಣನ ಎಲೆಗೆ ಎರಡನೇ ಸಲ ಕೋಸಂಬರಿ ಹಾಕುತ್ತಿದ್ದಳು.

"ಬಾರಮ್ಮ ಇಲ್ಲಿ," ಜಂಬುಲಿಂಗಪ್ಪ ಕರೆದ. "ಇವತ್ತು ನಮ್ಮ ಸೊಸೆಗೆ ದೊಡ್ಡ ಹಬ್ಬ ಕಣ್ರಪ್ಪ. ಕೊರಿಯಾ ರಾಜ್ಯೋತ್ಸವ! ಹೇಳಮ್ಮ ಆ ಕಥೆ, ಉಂಡಿದ್ದು ಕರಗಲಿ."

ಶಿವರಂಜನಿ ಕೋಸಂಬರಿ ಪಾತ್ರೆ ಹಿಡಿದೇ ಹೇಳಿದಳು. ಹೇಳುವುದಾದರೆ ಸರಿಯಾಗೇ ಹೇಳುವುದು ಅವಳ ಸ್ವಭಾವ.

"ಐನೂರು ವರ್ಷಕ್ಕೂ ಹಿಂದಿನ ಮಾತು. ಅವರಿಗೆ ಸ್ವಂತ ಅಕ್ಷರ ಇರ್ಲಿಲ್ಲ, ಚೀನಾದ ಅಕ್ಷರದಾಗೆ ಬರೀತಿದ್ರು. ಅದನ್ನ ಕಲಿಯಾಕೆ ಅರ್ಧ ಆಯುಸ್ಸು ಬೇಕು. ದುಡಿಯೋರಿಗೆ, ಹೆಂಗಸರಿಗೆ ಎಲ್ಲಿಂದ ಬರಬೇಕು? ಅವರಿಗೂ ಬರ್ಲಿ ಅಂತ ಅಲ್ಲಿನ ರಾಜ ಸುಲಭದ ಅಕ್ಷರ ಮಾಡ್ದ."

"ಒಳ್ಳೇ ರಾಜ," ಎಂದ ದಾಸಣ್ಣ.

"ಆಸ್ಥಾನದ ಪಂಡಿತರು ಬೇಡ ಅಂದ್ರು. ಇಷ್ಟು ಸಲೀಸಾದ್ರೆ ದೊಡ್ಡ ಓದು ಓದೋರು ಯಾರು ಅಂತ. ಆಮೇಲೂ ಎಷ್ಟೋ ಕಾಲ ಅದನ್ನ ಹೆಂಗಸರ ಅಕ್ಷರ ಅಂತ ಆಡ್ಕೊಳ್ತಿದ್ರಂತೆ."

"ಪಂಡಿತರು ಹೇಳಿದ್ರಾಗೆ ತಪ್ಪೇನೈತಮ್ಮ?" ಹನುಮಂತರಾಯ ಹೋಳಿಗೆ ಮುರಿಯುತ್ತಾ ಕೇಳಿದ. "ನಾನೂ ಮೂವತ್ತು ವರ್ಷ ಪಾಠ ಮಾಡಿದೀನಿ. ಎಲ್ಲರಿಗೂ ಕಲಿಸಾಕಾಗಲ್ಲ. ಕೆಲವು ತಲೆ ಅಷ್ಟೇ."

"ನಡುವೆ ಒಂದ್ಸಲ ಸರ್ಕಾರ ಈ ರಜಾನೇ ತೆಗೆದಾಕಿತ್ತು. ಜನ ಕೇಳಿ ವಾಪಸ್ ತಗೊಂಡ್ರು."

"ರಜಾ ಕೇಳೋದ್ರಾಗೆ ಅವರೂ ನಮ್ಮಂಗೇ ಅನ್ನು," ಎಂದ ಬಾಲರಾಜ್. ಎಲ್ಲರೂ ನಕ್ಕರು.

ಆ ನಗು ಇಳಿಯುವ ಮೊದಲೇ ಜಂಬುಲಿಂಗಪ್ಪ ತನ್ನದನ್ನು ಸೇರಿಸಿದ. "ನಮ್ಮ ಮನೆ ಕಥೆ ಕೇಳ್ರಿ. ಹೆಂಡ್ತಿಗೆ ಬೇಕಾದ ಅಕ್ಷರ ಬರಲ್ಲ, ಸೊಸೆಗೆ ಬೇಡಾದ ಅಕ್ಷರ ಬರ್ತವೆ. ಅಧ್ಯಕ್ಷರ ಮನೇಲೇ ಕನ್ನಡದ ಗತಿ ಹಿಂಗೈತೆ!"

ಕೊಟ್ರಮ್ಮ ಅವನ ಎಲೆಗೇ ತುಪ್ಪ ಬಡಿಸುತ್ತಿದ್ದಳು. ಕೈ ನಿಲ್ಲಲಿಲ್ಲ. ತುಪ್ಪ ಹೋಳಿಗೆ ತುಂಬಿ, ಎಲೆ ತುಂಬಿ, ಅಂಚು ದಾಟಿ ಅವನ ಬಿಳಿ ಪಂಚೆಯ ಮೇಲೆ ಹರಿಯಿತು.

"ಏ, ಸಾಕು! ಕಣ್ಣು ಕಾಣಲ್ವೇನೇ?"

ಅವಳು ತುಪ್ಪದ ಗಿಂಡಿ ಎತ್ತಿಕೊಂಡು ಒಳಗೆ ಹೋದಳು.

ಗಂಡಸರು ಎಲೆ ಅಡಿಕೆ ಹಾಕಿಕೊಂಡು ಜಗುಲಿಗೆ ಹೋದ ಮೇಲೆ ಶಿವರಂಜನಿ ಅಡುಗೆಮನೆಗೆ ಬಂದಳು. ಕೊಟ್ರಮ್ಮ ಇನ್ನೂ ಊಟ ಮಾಡಿರಲಿಲ್ಲ. ಕಾಗದ ಇನ್ನೂ ಕೀಳದ ಡಬ್ಬಿಗಳ ಮುಂದೆ ಕೂತಿದ್ದಳು.

"ಈ ಅಕ್ಷರ ಈ ಊರಾಗೆ ಯಾರಿಗೆ ಬರ್ತೈತೆ?"

"ಯಾರಿಗೂ ಬರಲ್ಲ ಅತ್ತೆ."

"ಮಿಲ್ಲಿನ ಗುಮಾಸ್ತರಿಗೆ?"

"ಇಲ್ಲ."

"ಆ ಮಾಸ್ತರಿಗೆ?"

"ಅವರಿಗೆಲ್ಲಿಂದ ಬರ್ಬೇಕು?"

"ಹಂಗಾದ್ರೆ ನಾನು ಸೊಟ್ಟ ಬರೆದ್ರೆ ನಗೋರು ಯಾರು?"

ಶಿವರಂಜನಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. "ನಾನೊಬ್ಬಳೇ," ಎಂದಳು. "ನಾನು ನಗಲ್ಲ."

"ನಕ್ರೆ ನಿನ್ನ ರೊಟ್ಟಿ ಇಡೀ ಓಣಿಗೆ ತೋರಿಸ್ತೀನಿ. ಕೂತ್ಕೋ."

ರೊಟ್ಟಿ ಬಡಿಯುವ ಹಲಗೆಯ ಮೇಲೆ ಜೋಳದ ಹಿಟ್ಟು ಹರಡಿ ಶಿವರಂಜನಿ ಶುರುಮಾಡಿದಳು. "ಬಾಯಿ ಮುಚ್ಚಿ ಮ್ ಅನ್ನಿ. ಮುಚ್ಚಿದ ಬಾಯಿನೇ ಅಕ್ಷರ, ಒಂದು ಚೌಕ. ನ್ ಅನ್ನಿ. ನಾಲಿಗೆ ತುದಿ ಮೇಲಕ್ಕೆ ಹೋಯ್ತಲ್ಲ, ಅದೇ ಆಕಾರ." ಕೊಟ್ರಮ್ಮ ಬಾಯಿಗೆ ಬೆರಳಿಟ್ಟು ನಾಲಿಗೆ ಎಲ್ಲಿ ಹೋಗುತ್ತದೆಂದು ನೋಡಿಕೊಂಡಳು. ಹೊರಗೆ ಜಗುಲಿಯಲ್ಲಿ ಗಂಡಸರು ರಾಜ್ಯೋತ್ಸವಕ್ಕೆ ಎಷ್ಟು ಶಾಲು ಬೇಕು ಎಂದು ಜಗಳವಾಡುತ್ತಿದ್ದರು. ಅವರು ಎದ್ದು ಹೋಗುವಷ್ಟರಲ್ಲಿ ಕೊಟ್ರಮ್ಮ ಹಿಟ್ಟಿನಲ್ಲಿ 'ನಮ್ಮ' ಎಂದು ಬರೆದಿದ್ದಳು. ಭಾಷೆ ಕನ್ನಡದ್ದೇ, ಅಕ್ಷರ ಮಾತ್ರ ಕೊರಿಯಾದ್ದು.

ಅದೊಂದು ಹಿಡಿಯಿತು ಅವಳಿಗೆ. ಕೊರಿಯನ್ ಭಾಷೆ ಬೇಕಿರಲಿಲ್ಲ, ಅಕ್ಷರ ಸಾಕಿತ್ತು. ಸೊಪ್ಪು ಸೋಸುವಾಗ, ಮುದ್ದೆಗೆ ಎಸರಿಟ್ಟಾಗ, ಬಟ್ಟೆ ಒಣಗುವಾಗ ಬರೆದಳು. ಮೊದಲು ಸಾಮಾನಿನ ಹೆಸರು, ಆಮೇಲೆ ಮಾತು. ಇದ್ದಿಲಿನಲ್ಲಿ ಒಲೆಯ ಪಕ್ಕದ ಗೋಡೆಯ ಮೇಲೆ ಅತ್ತೆ ಸೊಸೆ ಒಬ್ಬರಿಗೊಬ್ಬರು ಬರೆದುಕೊಳ್ಳತೊಡಗಿದರು. 'ಉಪ್ಪು ಮುಗೀತು.' 'ಇವತ್ತು ಮುಖ ಊದಿಸ್ಕೊಂಡು ಎದ್ದಿದಾರೆ, ಮಾತಾಡಿಸಬೇಡ.' 'ಸಾರು ಅಳಸಿತ್ತು, ಅಪ್ಪ ಮಗ ಇಬ್ಬರೂ ಉಂಡರು, ಗೊತ್ತಾಗ್ಲಿಲ್ಲ.' ಕೊನೆಯದನ್ನು ಓದಿ ಶಿವರಂಜನಿ ನಕ್ಕ ಸದ್ದು ನಡುಮನೆಗೆ ಕೇಳಿತು. ಆ ಮನೆಯಲ್ಲಿ ಅಡುಗೆಮನೆಯಿಂದ ನಗು ಬರುವುದು ಹೊಸದು. ಜಂಬುಲಿಂಗಪ್ಪ ಟೀವಿ ಸದ್ದು ಕಡಿಮೆ ಮಾಡಿ ಕಿವಿಗೊಟ್ಟ.

ಮರುದಿನ ಅವನೇ ಒಳಗೆ ಬಂದು ನೋಡಿದ. ಗೋಡೆಯ ತುಂಬ ಗೆರೆ, ಚೌಕ, ಸೊನ್ನೆ.

"ಏನೇ ಇದು?"

"ಸಾಮಾನು," ಎಂದಳು ಕೊಟ್ರಮ್ಮ.

"ಸಾಮಾನಿನ ಹೆಸರು ಇಷ್ಟುದ್ದ ಇರ್ತೈತಾ?"

"ದೊಡ್ಡ ಮನೆ. ಸಾಮಾನು ಜಾಸ್ತಿ."

"ಏನಮ್ಮ, ಏನು ಬರೆದಿದೀಯ ಹೇಳು," ಎಂದು ಸೊಸೆಯನ್ನು ಕೇಳಿದ.

"ನಾನು ಬರ್ದಿದ್ದಲ್ಲ ಮಾವ. ಇದು ಅತ್ತೆದು."

ಜಂಬುಲಿಂಗಪ್ಪ ಹೆಂಡತಿಯನ್ನು ನೋಡಿ ನಕ್ಕ. "ಇವಳಾ? ಇವಳು ಬರೆದ್ರೆ ನಾನು ಮೀಸೆ ಬೋಳಿಸ್ಕೊಳ್ತೀನಿ. ಅಮರೇಶಾ, ಬಾರಲೇ ಇಲ್ಲಿ, ನಿನ್ನ ಫೋನ್ ತಗೊಂಡು ಬಾ."

ಅಮರೇಶನ ಫೋನಿನಲ್ಲಿ ಯಾವ ಬರಹಕ್ಕೆ ಹಿಡಿದರೂ ಅರ್ಥ ಹೇಳುವ ಕ್ಯಾಮೆರಾ ಇತ್ತು. ಅವನು ಗೋಡೆಗೆ ಹಿಡಿದ. ಅಕ್ಷರ ಕೊರಿಯಾದ್ದು, ಮಾತು ಚಳ್ಳಕೆರೆಯದು. ಫೋನು ತಡಬಡಿಸಿತು.

"ಏನಂತೈತೆ?"

"ಕಲ್ಲಿನ ಅಕ್ಕ ಮೂರು ಸಲ ಈಜುತ್ತಾಳೆ ಅಂತೈತೆ ಅಪ್ಪಾಜಿ."

"ಯಾರಲೇ ಅದು ಕಲ್ಲಿನ ಅಕ್ಕ?"

"ಗೊತ್ತಿಲ್ಲ. ಕೆಳಗಿಂದು... ಸಾಬೂನು ರಾಜನಿಗೆ ಹಲ್ಲಿಲ್ಲ."

ಕೊಟ್ರಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಶಿವರಂಜನಿಗೆ ತಡೆಯಲಾಗಲಿಲ್ಲ. ಆ ನಗುವಿನ ಮುಂದೆ ಜಂಬುಲಿಂಗಪ್ಪ ಗೋಡೆ ನೋಡಿದ, ಫೋನ್ ನೋಡಿದ, ಮತ್ತೆ ಗೋಡೆ ನೋಡಿದ. ತನ್ನದೇ ಮನೆಯಲ್ಲಿ, ತನ್ನ ಅನ್ನ ಬೇಯುವ ಜಾಗದಲ್ಲಿ ತನಗೆ ಓದಲು ಬಾರದ ಏನೋ ಇದೆ, ಅದು ಖಂಡಿತ ತನ್ನ ಬಗ್ಗೆಯೇ ಇದೆ ಎಂದು ಅವನಿಗೆ ಅನ್ನಿಸಿತು. ಆ ಒಂದು ವಿಷಯದಲ್ಲಿ ಅವನ ಊಹೆ ತಪ್ಪಿರಲಿಲ್ಲ.

ಮಧ್ಯಾಹ್ನವೇ ಮಿಲ್ಲಿನ ಆಳು ಬಂದು ಗೋಡೆಗೆ ಸುಣ್ಣ ಹೊಡೆದ. ಸಂಜೆ ತೀರ್ಪು ಬಂತು.

"ಸೊಸೆ ನಾಲ್ಕು ದಿನ ಅವರವ್ವನ ಮನೇಲಿ ಇದ್ದು ಬರ್ಲಿ. ತಲೆ ಸರಿ ಆದ ಮೇಲೆ ನಾನೇ ಹೇಳಿಕಳಿಸ್ತೀನಿ."

ಅಮರೇಶ ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟ. ಶಿವರಂಜನಿ ಬ್ಯಾಗ್ ಇಳಿಸಿಕೊಂಡು ಕೇಳಿದಳು. "ನೀವೇನೂ ಹೇಳಲ್ವಾ?"

"ಅಪ್ಪಾಜಿ ಸಿಟ್ಟು ಇಳೀಲಿ ರಂಜನಿ. ಆಮೇಲೆ ನೋಡಾನ."

"ಮದುವೆ ಆದಾಗಿಂದ ನಿಮ್ಮ 'ಆಮೇಲೆ'ನ ಕೇಳ್ತಿದೀನಿ. ಹೋಗಿ, ಊಟಕ್ಕೆ ಹೊತ್ತಾಗ್ತೈತೆ ನಿಮಗೆ."

ಅವನು ನಿಜವಾಗಿಯೂ ವಾಚು ನೋಡಿಕೊಂಡ.

ಅವಳು ಹೋದ ಮೇಲೆ ಕೊಟ್ರಮ್ಮ ಒಂದು ವಾರ ಅಡುಗೆ ಮಾಡಿದಳು. ಸುಣ್ಣದ ಗೋಡೆಯ ಮುಂದೆ ಮಾತಿಲ್ಲ, ಬರಹವಿಲ್ಲ. ಎಂಟನೆಯ ದಿನ ಗಂಡನ ಮುಂದೆ ಮಂಡಕ್ಕಿ ತಟ್ಟೆ ಇಟ್ಟು ಅಲ್ಲೇ ನಿಂತಳು. ಕೈಯಲ್ಲಿ ಚೀಲವಿತ್ತು.

"ನಾನು ಮೊಳಕಾಲ್ಮೂರಿಗೆ ಹೋಗ್ತೀನಿ."

"ಯಾರನ್ನ ಕೇಳಿ?"

"ತಿಂಡಿ ತಿನ್ನೋವಾಗ ನಿಮ್ಮನ್ನ ಏನೂ ಕೇಳಬಾರ್ದಲ್ಲ. ಅದಕ್ಕೇ ಕೇಳ್ತಿಲ್ಲ, ಹೇಳ್ತಿದೀನಿ. ರೊಟ್ಟಿ ಬಟ್ಟೇಲಿ ಸುತ್ತಿಟ್ಟಿದೀನಿ, ಇವತ್ತಿಗೆ ಆಗ್ತೈತೆ. ನಾಳೆದು ನೀವು ನೋಡ್ಕಳ್ರಿ."

ಒಬ್ಬಳೇ ಬಸ್ ಹತ್ತಿದ್ದು ಅವಳ ಬದುಕಿನಲ್ಲಿ ಅದೇ ಮೊದಲು. ಹೆಂಗಸರಿಗೆ ಟಿಕೆಟ್ ಇಲ್ಲ ಅಂತ ಆಧಾರ್ ಕಾರ್ಡು ಸೆರಗಿಗೆ ಕಟ್ಟಿಕೊಂಡಿದ್ದಳು. ಸ್ಟ್ಯಾಂಡಿನಲ್ಲಿ ನಿಂತಿದ್ದ ಬಸ್ಸುಗಳ ಹಣೆಯ ಮೇಲೆಲ್ಲ ಬರಹ. ಕೇಳಲು ಮನಸ್ಸಾಗದೆ, ಜನ ಜಾಸ್ತಿ ಹತ್ತುತ್ತಿದ್ದ ಬಸ್ಸಿಗೆ ಹತ್ತಿ ಕೂತಳು. ಊರು ದಾಟಿದ ಮೇಲೆ ಕಂಡಕ್ಟರ್ ಬಂದ.

"ಮೊಳಕಾಲ್ಮೂರಾ? ಇದು ಪಾವಗಡಕ್ಕೆ ಹೋಗೋದಮ್ಮ. ಅಷ್ಟು ದೊಡ್ಡ ಬೋರ್ಡ್ ಹಾಕಿದೀವಿ, ನೋಡಿ ಹತ್ತಬಾರ್ದಾ?"

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳನ್ನು ರಸ್ತೆಯಲ್ಲೇ ಇಳಿಸಿದರು. ಬಿಸಿಲಲ್ಲಿ ಚೀಲ ಹೊತ್ತು ನಡೆದು ವಾಪಸ್ ಸ್ಟ್ಯಾಂಡಿಗೆ ಬಂದು, ಈ ಸಲ ಮೂರು ಜನರನ್ನು ಕೇಳಿ ಸರಿಯಾದ ಬಸ್ ಹತ್ತಿದಳು. ಬಿ.ಜಿ. ಕೆರೆ ದಾಟುವವರೆಗೂ ಅವಳ ಮುಖದ ಬಿಸಿ ಆರಲಿಲ್ಲ.

ಮೊಳಕಾಲ್ಮೂರಿನ ಮನೆಯ ಬಾಗಿಲಲ್ಲಿ ಬೀಗಿತಿಯನ್ನು ಕಂಡು ಬಸವಲಿಂಗಮ್ಮ ಗಾಬರಿಯಾದಳು. ಆಂಧ್ರದ ಗಡಿಯ ಊರಿನವಳಾದ ಅವಳ ಮಾತಿನಲ್ಲಿ ತೆಲುಗು ನುಗ್ಗುತ್ತಿತ್ತು. "ಅಯ್ಯೋ ದೇವುಡಾ! ನೀವು ಬಂದ್ರಾ? ಮಗಳು ಬಂದಿದ್ದೇ ಸಾಲದು ಅಂತ? ಬೀಗರು ಫೋನ್ ಮಾಡಿದ್ರೆ ಏಮಿ ಚೆಪ್ಪಾಲಿ, ಏನ್ ಹೇಳ್ಲಿ ನಾನು?"

"ನಾನು ಇಲ್ಲಿಗೆ ಬಂದೀನಿ ಅಂತ ಹೇಳ್ರಿ. ಸುಳ್ಳೇನಲ್ವಲ್ಲ."

ಕೈಕಾಲು ತೊಳೆದು ನೀರು ಕುಡಿದ ಕೊಟ್ರಮ್ಮ ಸೊಸೆಯನ್ನು ಕೂಗಿದಳು. "ಕೊರಿಯಾದ್ದು ಬಂತು. ಇನ್ನು ನಮ್ಮದು ಕಲಿಸು. ಮೊದ್ಲು ಬಸ್ಸಿನ ಬೋರ್ಡು."

ಮಗ್ಗದ ಸದ್ದು ಕೇಳುವ ಆ ಓಣಿಯಲ್ಲಿ ಕೊಟ್ರಮ್ಮ ಮೂರು ವಾರ ಇದ್ದಳು. ಸದ್ದನ್ನು ಬಿಡಿಸಿ ಬಿಡಿಸಿ ಬರೆಯುವ ಗುಟ್ಟು ಅವಳಿಗೆ ಆಗಲೇ ಕೈಹತ್ತಿತ್ತು. ಕನ್ನಡಕ್ಕೆ ಗೆರೆ ಬದಲು ಸೊಟ್ಟ ಜಾಸ್ತಿ, ಅಷ್ಟೇ. ಚಳ್ಳಕೆರೆಯ 'ಳ್ಳ' ಬಂದಾಗ ಶಿವರಂಜನಿ ಒತ್ತು ಹೇಗೆ ಹೇಳಿಕೊಡುವುದೆಂದು ಯೋಚಿಸುತ್ತಿದ್ದರೆ, ಕೊಟ್ರಮ್ಮ, "ಕೆಳಗಡೆ ಇಡೋದು ತಾನೆ? ಕೊರಿಯಾದವರೂ ಕೆಳಗಡೆ ಇಡ್ತಾರಲ್ಲ," ಎಂದು ಬರೆದೇಬಿಟ್ಟಳು. ಬಸವಲಿಂಗಮ್ಮ ಒಗ್ಗರಣೆ ಸೌಟು ಹಿಡಿದು ಬಂದು ನೋಡಿ, "ಈ ವಯಸ್ಸಿನಾಗೆ ಎಂದುಕಮ್ಮ, ಯಾಕೆ ಇದೆಲ್ಲ," ಎಂದು ಗೊಣಗಿದಳು. ಎರಡು ದಿನ ಬಿಟ್ಟು ಅವಳೇ ಅಂಗಡಿಯ ಸೀರೆ ಡಬ್ಬಗಳ ಮೇಲಿನ ಹೆಸರುಗಳನ್ನು ಬೀಗಿತಿಯ ಮುಂದೆ ಒಂದೊಂದಾಗಿ ಹಿಡಿದು, ಇದು ಓದ್ರಿ, ಇದು ಓದ್ರಿ ಎನ್ನತೊಡಗಿದಳು.

ಮೊದಲು ಅಮರೇಶ ಬಂದ. ಉಂಡ. ಕೈ ತೊಳೆದುಕೊಂಡು ವಿಷಯ ತೆಗೆದ.

"ರಂಜನಿ, ಅಪ್ಪಾಜಿ ಭಾಷಣ ಬರ್ದು ಕೊಡಬೇಕಂತೆ."

"ಮನೆಗೆ ಬರಾಕೆ ಹೇಳಿದಾರಾ ನನಗೆ?"

"ಇಲ್ಲ, ಭಾಷಣ ಅಷ್ಟೇ."

"ಬರ್ದು ಕೊಡಲ್ಲ ಅಂತ ಹೇಳಿ."

"ಏನಲೇ ಅಮರೇಶ," ಕೊಟ್ರಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿದಳು. "ಹೆಂಡ್ತೀನ ಬಿಟ್ಟು ಭಾಷಣ ಕರ್ಕೊಂಡು ಹೋಗಾಕೆ ಬಂದೆಯಾ? ಎರಡನೇ ಸಲ ಬಳಪ ಬಿಟ್ಟು ನಿನ್ನನ್ನ ಬೆಳೆಸಿದೆ ನಾನು. ಎಂಥ ಬೆಳೆ ಬಂತು!"

ಅಮರೇಶ ಹ್ಞೂಂ ಅನ್ನಲಿಲ್ಲ. ಬಹಳ ಹೊತ್ತು ಬಾಗಿಲಲ್ಲಿ ಕೂತಿದ್ದು, ಹೋಗುವಾಗ ಅವ್ವನ ನೋಟ್‌ಪುಸ್ತಕ ತಿರುವಿ ನೋಡಿ ಇಟ್ಟ. ಮನೆಗೆ ಹೋಗಿ ಅಪ್ಪನಿಗೆ, "ಅವ್ವ ಕನ್ನಡ ಓದ್ತಾಳೆ," ಅಂತಷ್ಟೇ ಹೇಳಿದ.

ಮುಂದಿನ ಭಾನುವಾರ ಜಂಬುಲಿಂಗಪ್ಪನ ಕಾರು ಓಣಿಗೆ ಬಂತು. ಅಷ್ಟರಲ್ಲಿ ಹೋಟೆಲ್ ಊಟ ಅವನ ಹೊಟ್ಟೆ ಕೆಡಿಸಿತ್ತು, ಹೆಂಡತಿ ಬೀಗರ ಮನೆಯಲ್ಲಿದ್ದಾಳೆಂಬ ಮಾತು ಪೇಟೆಯಲ್ಲಿ ಓಡಾಡುತ್ತಿತ್ತು. ಆದರೂ ಅವನ ಮುಖದಲ್ಲಿ ನಗುವಿತ್ತು. ಬಸವಲಿಂಗಮ್ಮನ ಕೈಯ ಮುದ್ದೆ, ಸೊಪ್ಪಿನ ಸಾರು ಎರಡೆರಡು ಸಲ ಹಾಕಿಸಿಕೊಂಡ.

"ಆಗಿದ್ದು ಆಯ್ತು. ಇಬ್ಬರೂ ನಡೀರಿ ಮನೆಗೆ."

"ಅವಳ ಪಾಠ ನಡುಮನೇಲಿ ಆಗಬೇಕು," ಎಂದಳು ಕೊಟ್ರಮ್ಮ. "ಉಗ್ರಾಣದಾಗಲ್ಲ. ನಂದೂ ಅಲ್ಲೇ."

"ಆಗ್ಲಿ."

"ಆಗ ಟೀವಿ ಇರಲ್ಲ."

"ಆಗ್ಲಿ ಬಿಡೇ."

ಅಷ್ಟು ಸಲೀಸಾಗಿ ಒಪ್ಪಿದ್ದೇ ಶಿವರಂಜನಿಗೆ ಅನುಮಾನ ತಂದಿತು. ಅನುಮಾನ ಸುಳ್ಳಾಗಲಿಲ್ಲ. ಆ ವರ್ಷ ಬಳಗದ ರಾಜ್ಯೋತ್ಸವ, ಸಭಾಂಗಣ ಸಿಗದ್ದಕ್ಕೆ, ನವೆಂಬರಿನ ಕೊನೆಯ ವಾರಕ್ಕೆ ಹೋಗಿತ್ತು. ಮನೆಗೆ ಬಂದ ಮೂರನೆಯ ದಿನ ಬಾಲರಾಜ್ ಆಹ್ವಾನ ಪತ್ರಿಕೆಯ ಕಟ್ಟು ತಂದು ಜಗುಲಿಯ ಮೇಲೆ ಇಟ್ಟು ಹೋದ. ಕೊಟ್ರಮ್ಮ ಒಂದನ್ನು ತೆಗೆದುಕೊಂಡು ಕಂಬಕ್ಕೆ ಒರಗಿ ಕೂತಳು. ಅಕ್ಷರಕ್ಕೆ ಅಕ್ಷರ ಕೂಡಿಸಿ, ತುಟಿ ಅಲ್ಲಾಡಿಸುತ್ತಾ, ಒಂದು ಕಡೆ ತನ್ನ ಹೆಸರು ಕಂಡು ಬೆರಳಿಟ್ಟು ನಿಲ್ಲಿಸಿದಳು.

"ರಂಜನಿ, ಪ್ರೋತ್ಸಾಹ ಅಂದ್ರೇನೇ?"

ಶಿವರಂಜನಿ ಬಗ್ಗಿ ನೋಡಿದಳು. 'ಸನ್ಮಾನ: ಪತಿಯ ಪ್ರೋತ್ಸಾಹದಿಂದ ಇಳಿವಯಸ್ಸಿನಲ್ಲಿ ಅಕ್ಷರ ಕಲಿತ ಶ್ರೀಮತಿ ಕೊಟ್ರಮ್ಮ ಜಂಬುಲಿಂಗಪ್ಪ.'

"ಪ್ರೋತ್ಸಾಹ ಅಂದ್ರೆ... ಮಾಡು, ನಿನ್ನ ಕೈಲಾಗ್ತೈತೆ ಅಂತ ಹುರುಪು ತುಂಬೋದು ಅತ್ತೆ."

"ಯಾರು ತುಂಬಿದ್ದು?"

ಕೊಟ್ರಮ್ಮ ಇನ್ನೊಂದು ಸಲ ಓದಿದಳು, ತಪ್ಪು ಓದಿದೆನೇನೋ ಎಂಬಂತೆ. "ಇಳಿವಯಸ್ಸು ಬೇರೆ," ಎಂದಳು.

ಕಾರ್ಯಕ್ರಮದ ದಿನ ಸಭಾಂಗಣ ತುಂಬಿತ್ತು. ಜಂಬುಲಿಂಗಪ್ಪ ಬಾಲರಾಜ್ ಬರೆದುಕೊಟ್ಟ ಭಾಷಣ ಓದಿದ. ತಾಯಿನುಡಿ, ತಾಯಿನೆಲ, ತಾಯಿ ಹಾಲು. ಆಮೇಲೆ ಶಾಲು ಹೊದಿಸುವ ಸರದಿ. ಹನುಮಂತರಾಯ ಮೈಕಿನಲ್ಲಿ ಘೋಷಿಸಿದ. "ಹೆಣ್ಣು ಕಲಿತರೆ ಸಮಾಜ ಕಲಿತಂತೆ ಎಂದು ನಂಬಿದವರು ನಮ್ಮ ಅಧ್ಯಕ್ಷರು. ತಮ್ಮ ಧರ್ಮಪತ್ನಿಗೆ ತಾವೇ ಅಕ್ಷರದ ದೀಪ ಹಚ್ಚಿದ್ದಾರೆ!" ಚಪ್ಪಾಳೆ ಬಿತ್ತು. ಕೊಟ್ರಮ್ಮ ವೇದಿಕೆ ಹತ್ತಿದಳು. ಶಾಲು, ಹಾರ, ಹಣ್ಣಿನ ಬುಟ್ಟಿ. ಫೋಟೋದವನು ಗಂಡ ಹೆಂಡತಿಯನ್ನು ಹತ್ತಿರ ನಿಲ್ಲಿಸಿದ.

"ಅಮ್ಮ ಎರಡು ಮಾತು ಓದಿ ತೋರಿಸಲಿ," ಎಂದು ಸಭೆಯಿಂದ ಯಾರೋ ಕೂಗಿದರು.

ಹನುಮಂತರಾಯ ಮೇಜಿನ ಮೇಲಿದ್ದ ಪುಸ್ತಕವೊಂದನ್ನು ಹುಡುಕುತ್ತಿದ್ದ. ಕೊಟ್ರಮ್ಮ ಕಾಯಲಿಲ್ಲ. ಹಾರದ ಪಕ್ಕ ಬಿದ್ದಿದ್ದ ಆಹ್ವಾನ ಪತ್ರಿಕೆ ಎತ್ತಿಕೊಂಡಳು. ಬೆರಳಿಟ್ಟಳು. ಮೈಕಿನಲ್ಲಿ ಅವಳ ಉಸಿರು ಕೇಳುತ್ತಿತ್ತು.

"ಪ... ತಿ... ಯ. ಪತಿಯ. ಪ್ರೋ... ತ್ಸಾ... ಹ... ದಿಂದ."

ಜಂಬುಲಿಂಗಪ್ಪ ಹೆಮ್ಮೆಯಿಂದ ಸಭೆಯ ಕಡೆ ನೋಡಿದ.

"ಇಳಿ... ವಯಸ್ಸಿನಲ್ಲಿ... ಅಕ್ಷರ... ಕಲಿತ." ಅವಳು ಬೆರಳು ತೆಗೆದಳು. "ಇದು ಸುಳ್ಳು. ಕಲಿಸಿದ್ದು ನನ್ನ ಸೊಸೆ. ಅದಕ್ಕೇ ಅವಳನ್ನ ಮನೆಯಿಂದ ಕಳಿಸಿದ್ರು."

ಪತ್ರಿಕೆಯನ್ನು ಮೇಜಿನ ಮೇಲೆ ಇಟ್ಟು, ಶಾಲು ತೆಗೆದು ಅದರ ಮೇಲೆ ಇಟ್ಟು ಕೆಳಗಿಳಿದಳು. ಸಭೆಯಲ್ಲಿ ಹೆಂಗಸರಿದ್ದ ಕಡೆ ಒಂದು ನಗು ಎದ್ದು, ಆಮೇಲೆ ದೊಡ್ಡದಾಯಿತು. ಮುಂದಿನ ಸಾಲಿನಲ್ಲಿ ಅಮರೇಶ ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದ. ಅಪ್ಪ ಕೈಸನ್ನೆಯಲ್ಲಿ ನಿಲ್ಲಿಸು ಎಂದ. ಅಮರೇಶ ನಿಲ್ಲಿಸಲಿಲ್ಲ. ಫೋಟೋದವನು ಇನ್ನೂ ಕ್ಯಾಮೆರಾ ಇಳಿಸದ್ದರಿಂದ ಜಂಬುಲಿಂಗಪ್ಪ ಒಬ್ಬನೇ ನಿಂತು ಹಲ್ಲು ಕಾಣಿಸುತ್ತಲೇ ಇದ್ದ.

ಮನೆಗೆ ಬಂದವನು ಊಟ ಮಾಡಲಿಲ್ಲ. "ಊರ ಮುಂದೆ ಮಾನ ತೆಗೆದೆ," ಎಂದ.

"ಅಕ್ಷರ ತಪ್ಪು ಓದಿದ್ನಾ?" ಎಂದು ಕೇಳಿದಳು ಕೊಟ್ರಮ್ಮ. ಅವನು ಕೋಣೆಯ ಬಾಗಿಲು ಹಾಕಿಕೊಂಡ. ಅವಳು ಸೊಸೆಯೊಂದಿಗೆ ಕೂತು ಉಂಡಳು.

ಮರುದಿನ ಬೆಳಿಗ್ಗೆ ಪೇಪರ್ ಬಂತು. ಬಾಲರಾಜ್ ಸುದ್ದಿಯನ್ನು ಕಾರ್ಯಕ್ರಮಕ್ಕೆ ಮೊದಲೇ ಬರೆದು ಕಳಿಸಿದ್ದ. ನಡುಮನೆಯಲ್ಲಿ ಶಿವರಂಜನಿ ಪಾಠಕ್ಕೆ ಲ್ಯಾಪ್‌ಟಾಪ್ ತೆರೆಯುತ್ತಿದ್ದಾಗ ಕೊಟ್ರಮ್ಮ ಅವಳ ಪಕ್ಕದಲ್ಲೇ ಕೂತು ಓದತೊಡಗಿದಳು. 'ಸನ್ಮಾನಿತರಾದ ಕೊಟ್ರಮ್ಮ ಮಾತನಾಡಿ, ತಮ್ಮ ಸಾಧನೆಗೆ ಪತಿಯೇ ಸ್ಫೂರ್ತಿ ಎಂದು ಕಣ್ಣೀರಾದರು.'

"ನಾನು ಹಿಂಗಂದ್ನೇನೇ?"

"ಇಲ್ಲ ಅತ್ತೆ."

"ಕಣ್ಣೀರಾದ್ನಾ?"

"ಇಲ್ಲ."

"ಮತ್ತೆ ಅಚ್ಚಾಗೈತಲ್ಲ!" ಅವಳು ಪೇಪರನ್ನು ಹಿಂದೆ ಮುಂದೆ ತಿರುಗಿಸಿದಳು. "ಅಚ್ಚಾಗಿದ್ದೆಲ್ಲ ನಿಜ ಅಂತ ಇಷ್ಟು ವರ್ಷ ಹೆದರ್ಕೊಂಡು ಬದುಕಿದೆನಲ್ಲೇ."

ಆದರೂ ಬಿಡಲಿಲ್ಲ. ಸುದ್ದಿಯನ್ನು ಕೊನೆಯ ಸಾಲಿನವರೆಗೆ, ವಂದನಾರ್ಪಣೆ ಮಾಡಿದವರ ಹೆಸರಿನವರೆಗೆ, ಒಂದಕ್ಷರವನ್ನೂ ಹಾರಿಸದೆ ಓದಿ ಮುಗಿಸಿದಳು. ಆಮೇಲೆ ಆ ಪುಟವನ್ನು ನೆಲದ ಮೇಲೆ ಚೆನ್ನಾಗಿ ಹರಡಿ, ಬೆಳ್ಳುಳ್ಳಿ ಬುಟ್ಟಿ ಎಳೆದುಕೊಂಡು ಅದರ ಮೇಲೆ ಸುಲಿಯತೊಡಗಿದಳು.